ಉಣ್ಣದೆ ನುಂಗಬಾರದ ಮಾತ್ರೆ

ನನ್ನ ಬೆನ್ನಿಗೆ ಚೂರಿ ಹಾಕಿದವರು ಯಾರು ಅಂತ ಕೇಳಿದರೆ ಹೆಸರು ಹೇಳಲು ನನಗೇ ನಾಚಿಕೆ. ಮಂಗಳಮ್ಮ. ಹೌದು ಕಣ್ರೀ, ನನ್ನ ಹೆತ್ತವ್ವನೇ.

ನಾನು ರಂಜಿತ, ಮಂಡ್ಯದಲ್ಲಿ ಬಿ.ಫಾರ್ಮ ಮೂರನೇ ವರ್ಷ. ಅಲ್ಲೇ ಗುತ್ತಲು ಬಡಾವಣೆಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತೇನೆ. ಶನಿವಾರ ಕ್ಲಾಸು ಬಿಟ್ಟ ಕೂಡಲೇ ಹೊರಟು, ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ನಮ್ಮೂರು ಪೂರಿಗಾಲಿಗೆ ಬರುತ್ತೇನೆ. ನಮ್ಮ ಕ್ಲಾಸಿನ ಅರ್ಧ ಜನಕ್ಕೆ ಫಾರ್ಮಕಾಲಜಿ ಅಂದರೆ ಜ್ವರ ಬರುತ್ತದೆ, ನನಗೆ ಮಾತ್ರ ಅದೇ ಪ್ರಾಣ. ಒಂದು ಮಾತ್ರೆ ಮೈಯೊಳಗೆ ಹೋಗಿ ಏನು ಮಾಡುತ್ತದೆ, ಯಾವಾಗ ಎಡವಟ್ಟು ಮಾಡುತ್ತದೆ ಅಂತ ಓದುತ್ತಾ ಕೂತರೆ ಊಟವೂ ಬೇಡ. ಓದು ಮುಗಿದ ಮೇಲೆ ಊರಿನ ಬಸ್‌ಸ್ಟಾಪಿನ ಹತ್ತಿರ ಮೆಡಿಕಲ್ ಸ್ಟೋರ್ ಇಡಬೇಕು, ಇದೊಂದೇ ಆಸೆ. ಅಲ್ಲಿರುವ ಖಾಲಿ ಮಳಿಗೆ ಪಕ್ಕದ ಮನೆ ಸ್ವಾಮಣ್ಣನದು.

"ನೀನು ಓದ್‌ಮುಗ್ಸವ್ವ, ಮಳ್ಗೆ ನಿಂದೇಯ. ತಲೆನೋವ್ನ ಮಾತ್ರೆಗೂ ಮಳವಳ್ಳಿಗೆ ಓಡೋದು ತಪ್ತದೆ" ಅಂದಿದ್ದ. ಹೋಗುವಾಗ ಬರುವಾಗ ಆ ಮುಚ್ಚಿದ ಷಟರು ನೋಡಿಕೊಂಡೇ ಓಡಾಡುತ್ತಿದ್ದೆ.

ಅವ್ವನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಬರೆದ ಮಾತ್ರೆ ಮಂಡ್ಯದಿಂದ ತರುವವಳು ನಾನೇ. ತಂದಾಗಲೆಲ್ಲ ಒಂದೇ ಪಾಠ: "ತಟ್ಟೆ ಮುಂದಿಟ್ಕಂಡು ನುಂಗವ್ವ. ಉಪಾಸ ಇದ್ದ ದಿನ ಮುಟ್ಬ್ಯಾಡ." ಈಚೆಗೆ ಮಾತ್ರೆ ಬೇಗ ಬೇಗ ಖಾಲಿಯಾಗುತ್ತಿದ್ದವು. ಕೇಳಿದರೆ, "ಇಲಿ ಎಳ್ಕಂಡೋಯ್ತು ಕಣೆ" ಅಂದಳು. ಸಕ್ಕರೆ ನಾಡಲ್ಲವೇ, ಇಲಿಗೂ ಕಾಯಿಲೆ ಬಂದಿರಬೇಕು ಅಂತ ನಕ್ಕು ಇನ್ನೊಂದು ಶೀಟು ತಂದುಕೊಟ್ಟೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಆ ಶನಿವಾರ ಬಸ್ಸಿಳಿದು ಬೀದಿಗೆ ಬಂದರೆ ಸ್ವಾಮಣ್ಣನ ಮನೆ ಮುಂದೆ ಜನ. ಅವನ ತಾಯಿ ಪುಟ್ಟತಾಯಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದಳು. ಅವಳೂ ಅವ್ವನೂ ಒಂದೇ ಊರಿನಿಂದ ಬಂದ ಸೊಸೆಯರು, ನನಗೆ ದೊಡ್ಡವ್ವ. ಅವಳಿಗೂ ಸಕ್ಕರೆ ಕಾಯಿಲೆ. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಯಾರೋ ದೃಷ್ಟಿ ಅಂದರು, ಯಾರೋ ಲಕ್ವ ಅಂದರು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಸಕ್ಕರೆ ಇಳಿದುಹೋಗಿದೆ. ಒಳಗೆ ಓಡಿ ಬೆಲ್ಲ ತಂದು ನೀರಲ್ಲಿ ಕದಡಿದೆ. ಸ್ವಾಮಣ್ಣ ನನ್ನ ಕೈ ಹಿಡಿದುಕೊಂಡ.

"ಏಯ್, ಸುಗರಿರೋರ್ ಬಾಯ್ಗೆ ಬೆಲ್ಲ ಆಕ್ತೀಯಲ್ಲಮ್ಮ! ಸಾಯ್ಸೀಯ ನಮ್ಮವ್ವುನ್ನ!"

"ಸಾಯ್ಬಾರ್ದು ಅಂತ್ಲೇ ಆಕ್ತಿರೋದು, ಬುಡಣ್ಣ ಕೈಯ!"

ದೊಡ್ಡವ್ವನಿಗೆ ನುಂಗುವಷ್ಟು ಎಚ್ಚರ ಇತ್ತು. ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನೆಟ್ಟಗೆ ನೋಡಿದಳು. ಆಟೋದಲ್ಲಿ ಮಳವಳ್ಳಿಗೆ ಕರೆದೊಯ್ದೆವು. ಅಲ್ಲಿ ಡ್ರಿಪ್ ಹಾಕಿದ ಡಾಕ್ಟರು, "ಬೆಲ್ಲ ಕುಡಿಸಿದ್ದು ಒಳ್ಳೇದಾಯ್ತು. ಏನು ನುಂಗಿದ್ರಿ ತಾಯಿ?" ಅಂತ ಕೇಳಿದರು.

"ಸನಿವಾರದ ಒಪ್ಪತ್ತು ಸ್ವಾಮಿ, ಏನೂ ಉಂಡಿರ್ಲಿಲ್ಲ. ಸುಗರಿನ್ ಮಾತ್ರೆ ಒಂದ್ ನುಂಗಿದ್ದೆ. ಈ ರಂಜಿತನೇ ಮಂಡ್ಯದಿಂದ ಕಳ್ಸೋದು. ಮಂಗಳಿ ತಂದ್ಕೊಡ್ತಾಳೆ, ನಿಂಗಂತ್ಲೇ ನಮ್ಮುಡ್ಗಿ ಕಳ್ಸವ್ಳೆ ಅಂತ."

ಆಗ ಅರ್ಥವಾಯಿತು ಆ ಇಲಿ ಯಾವುದು ಅಂತ. ನಮ್ಮ ಬೀದಿಯಲ್ಲಿ ಹೆಪ್ಪು ಕೇಳಿದ ಹಾಗೆ, ಕರಿಬೇವು ಕೇಳಿದ ಹಾಗೆ ಮಾತ್ರೆಯನ್ನೂ ಕೇಳುತ್ತಾರೆ. ನಿನಗೂ ಅದೇ ಕಾಯಿಲೆ, ನನಗೂ ಅದೇ ಕಾಯಿಲೆ, ತಗೋ ನಾಲ್ಕು. ಕೊಟ್ಟಿದ್ದರೂ ಪರವಾಗಿರಲಿಲ್ಲ. ನನ್ನ ಹೆಸರು ಯಾಕೆ ಹೇಳಬೇಕಿತ್ತು? ನನ್ನ ಪಾಠವನ್ನಾದರೂ ಜೊತೆಗೆ ಹೇಳಬಾರದಿತ್ತೇ?

ಡಾಕ್ಟರು ನನ್ನ ಕಡೆ ತಿರುಗಿದರು. "ಓದುತ್ತಿರುವಾಗಲೇ ಹೀಗಾದರೆ ಮುಂದೆ ಗತಿ ಏನಮ್ಮ?" ವಾಪಸು ಬರುವಾಗ ಸ್ವಾಮಣ್ಣ ಆಟೋದಲ್ಲಿ ಡ್ರೈವರನ ಪಕ್ಕ ಹೋಗಿ ಕೂತ. ನಾನಲ್ಲ ಅಂತ ನಾನೇ ಹೇಳಿದರೆ ಯಾರು ನಂಬುತ್ತಾರೆ? ಪರವಾಗಿಲ್ಲ, ಮನೆಗೆ ಹೋದರೆ ಅವ್ವ ಇದ್ದಾಳೆ, ಅವಳು ಒಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ.

ಅವ್ವ ಜಗಲಿಯ ಮೇಲೆ ಕೂತಿದ್ದಳು. ಬೀದಿಯವರೂ ಇದ್ದರು. ಸ್ವಾಮಣ್ಣ ಅವರೆಲ್ಲರ ಮುಂದೆ ಕೇಳಿದ: "ಏನ್ ಚಿಕ್ಕವ್ವ, ಮಾತ್ರೆ ಕಳ್ಸಿದ್ದು ಇವ್ಳೇಯ?"

ನಾನು ಅವ್ವನನ್ನೇ ನೋಡಿದೆ. "ಯೋಳವ್ವ" ಅಂದೆ.

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಓದೋ ಉಡ್ಗಿ ಕಣಪ್ಪ. ಏನೋ ಒಳ್ಳೇದಾಗ್ಲಿ ಅಂತ ಕಳ್ಸುದ್ಲು. ಒಟ್ಟೆಗಾಕ್ಕೊ" ಅಂದಳು.

"ಚಿಕ್ಕವ್ವ, ನಿನ್ ಮಕ ನೋಡ್ಕಂಡು ಬುಡ್ತಿದೀನಿ. ಮಳ್ಗೆ ಮಾತ್ರ ಇವ್ಳ್ಗೆ ಕೊಡಾಕಿಲ್ಲ. ಊರ್ ಜನುಕ್ಕೆ ನಾನ್ ಏನ್ ಉತ್ರ ಯೋಳ್ಲಿ?" ಅಂದು ಸ್ವಾಮಣ್ಣ ಹೊರಟುಹೋದ.

ಅವ್ವನನ್ನು ಒಳಗೆ ಕರೆದು ಬಾಗಿಲು ಹಾಕಿದೆ. ಮೈ ಉರಿಯುತ್ತಿತ್ತು. "ಯಾಕವ್ವ? ನಾನೇನ್ ಅನ್ಯಾಯ ಮಾಡಿದ್ದೆ ನಿಂಗೆ?"

ಅವ್ವ ಅಳುತ್ತಿದ್ದಳು. "ನೀನು ಇವತ್ತಲ್ಲ ನಾಳೆ ಮದ್ವೆ ಆಗಿ ಓಯ್ತೀಯ ಕಣೆ. ನಾನು ಸಾಯೋಗಂಟ ಈ ಬೀದೀಲೇ ಬಾಳ್ಬೇಕು. ಪುಟ್ತಾಯಿ ಮಾತು ಬುಟ್ರೆ ನಂಗೆ ಇನ್ನಾರವ್ರೆ?"

"ನನ್ ಅಂಗ್ಡಿ?"

"ಮಂಡ್ಯದಲ್ಲಿ ಇಡೀವಂತೆ, ಬುಡು."

ಬುಡು! ಎಷ್ಟು ಸಲೀಸಾಗಿ ಅಂದುಬಿಟ್ಟಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅಂದು ಅವಳ ಕೈ ಅಡುಗೆ ಉಣ್ಣಲಿಲ್ಲ.

ಮುಂದಿನ ಶನಿವಾರ ಬರಬಾರದು ಅಂತಲೇ ಇದ್ದೆ. ಆದರೆ ಅವ್ವನ ಮಾತ್ರೆ ಮುಗಿದಿರುತ್ತದಲ್ಲ. ಹಾಳು ಕರುಳು, ಬಂದೆ. ದೊಡ್ಡವ್ವ ಚೇತರಿಸಿಕೊಂಡು ನಮ್ಮ ಜಗಲಿಯಲ್ಲೇ ಕೂತಿದ್ದಳು. ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದರು, ಬೀದಿಯ ಇನ್ನಿಬ್ಬರು ಹೆಂಗಸರೂ ಇದ್ದರು. ನಾನು ಮಾತ್ರೆಯ ಶೀಟು ಅವ್ವನ ಕಡೆ ಚಾಚಿದೆ.

ಅವ್ವ ಆ ಹೆಂಗಸರನ್ನು ನೋಡಿದಳು. ಕೈ ಚಾಚಲಿಲ್ಲ. "ಅಲ್ಲೇ ಮಡಗು. ಡಾಕ್ಟ್ರಿಗೆ ತೋರಿಸ್ಕಂಡು ನುಂಗ್ತೀನಿ" ಅಂದಳು.

ಶೀಟನ್ನು ಅವರೆಕಾಯಿ ಮೊರದ ಪಕ್ಕ ಇಟ್ಟೆ. "ತೋರಿಸ್ಕೊ. ಆದ್ರೆ ತಟ್ಟೆ ಮುಂದಿಟ್ಕಂಡು ನುಂಗು. ಉಪಾಸ ಇದ್ದ ದಿನ ಮುಟ್ಬ್ಯಾಡ" ಅಂದೆ.

ದೊಡ್ಡವ್ವ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಕೋಪವಿರಲಿಲ್ಲ, ಬೇಜಾರಿತ್ತು.

"ಈ ಮಾತ್ನ ನಂಗೂ ಒಂದ್ಸಲ ಯೋಳ್ಕಳಿಸ್ಬಾರ್ದಾಗಿತ್ತ ಮಗ?" ಅಂದಳು.

ನಾನು ಅವ್ವನ ಕಡೆ ತಿರುಗಿದೆ. ಅವ್ವ ತಲೆ ಬಗ್ಗಿಸಿ ಅವರೆಕಾಯಿ ಸುಲಿಯುತ್ತಲೇ ಇದ್ದಳು.