ಮಗ್ಗಕ್ಕೆ ಕಟ್ಟಿದ ತೊಟ್ಟಿಲು

ನಾನೊಂದು ತೊಟ್ಟಿಲು. ಹುಟ್ಟಿದ್ದು ಕಲಘಟಗಿಯಲ್ಲಿ, ಬಡಿಗ ಕಾಳಪ್ಪನ ಅಂಗಳದಲ್ಲಿ. ತೇಗದ ಮೈ, ಅರಗಿನ ಬಣ್ಣ, ಸುತ್ತಲೂ ನವಿಲು, ಬಳ್ಳಿ, ಬೆಣ್ಣೆ ಮೆತ್ತಿಕೊಂಡ ಕೃಷ್ಣ. ಬಣ್ಣದ ವಾಸನೆ ಮೈಯಿಂದ ಹೋಗುವ ಮೊದಲೇ ನನ್ನನ್ನು ಕೊಳ್ಳಲು ಬೆಟಗೇರಿಯ ನೇಕಾರ ಹೊನ್ನಪ್ಪ ಬಂದ.

"ಕೂಸು ಗಂಡೋ ಹೆಣ್ಣೋ?" ಕಾಳಪ್ಪ ಕೇಳಿದ.

"ಗಂಡು. ನಮ್ದಲ್ರಿ, ನನ್ನ ಹೇಣ್ತಿ ತಂಗೀದು."

"ತಂಗೀದಾದ್ರ ನೀವ್ಯಾಕ್ರಿ ಇಷ್ಟ ನಗಾಕತ್ತೀರಿ?"

ಹೊನ್ನಪ್ಪ ತುಟಿ ಬಿಗಿಹಿಡಿದ. ಆದರೆ ನನ್ನನ್ನು ಬಸ್ಸಿನ ಮೇಲೆ ಏರಿಸುವಾಗ ಮತ್ತೆ ನಗುತ್ತಿದ್ದ.

ಅವನ ಮನೆ ಅಂದರೆ ಒಂದೇ ಉದ್ದನೆಯ ಕೋಣೆ. ಒಂದು ಕಡೆ ಒಲೆ, ಇನ್ನೊಂದು ಕಡೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ನಡುವಿನ ತೊಲೆಗೆ ನನ್ನನ್ನು ಕಟ್ಟಿದರು. ಅಲ್ಲಿಂದ ನೋಡಿದರೆ ಬಾಗಿಲು, ಹೊಸ್ತಿಲು, ಅದರಾಚೆ ಓಣಿ. ಹೊನ್ನಪ್ಪನ ಹೆಂಡತಿ ಬನವ್ವ ನನ್ನೊಳಗೆ ಹಳೆಯ ಸೀರೆ ಮಡಚಿ ಹಾಸಿ, ಬಗಲಲ್ಲಿದ್ದ ಕೂಸು ಈರಣ್ಣನನ್ನು ಮಲಗಿಸಿದಳು. ಅಯ್ಯೋ, ಎಷ್ಟು ಹಗುರ ಆ ಜೀವ! ಆದರೂ ನನ್ನ ಹಗ್ಗಗಳೆಲ್ಲ ಒಮ್ಮೆಲೆ ಬಿಗಿಯಾದವು. ನಾನು ತೊಟ್ಟಿಲಾದದ್ದು ಆ ಗಳಿಗೆಯಲ್ಲಿ. ಅಲ್ಲಿಯತನಕ ಬರೀ ಮರ.

ಪಕ್ಕದ ಮನೆಯ ಪಾರಕ್ಕ ಕೂಸನ್ನು ನೋಡಲು ಓಡಿ ಬಂದಳು. ಅವಳ ನಾಲಿಗೆ ಉದ್ದ, ಕಿವಿ ಇನ್ನೂ ಉದ್ದ.

"ಇದೇನ ಬನವ್ವ, ದತ್ತಕ ತಗೊಂಡ್ಯೇನ?"

"ಇಲ್ಲಕ್ಕಾ. ಗುಳೇದಗುಡ್ಡದಾಗ ನಮ್ಮ ನೀಲವ್ವ ಅವಳಿ ಹಡದಾಳ. ಜ್ವರಾ ಬಂದು ಹಾಸಿಗಿ ಹಿಡದಾಳ, ಒಂದಕ್ಕ ಹಾಲು ಸಾಲವಲ್ದು, ಎರಡಕ್ಕ ಎಲ್ಲಿಂದ ತರಬೇಕು? ಇವನ್ನ ನನ್ನ ಕೈಯಾಗ ಕೊಟ್ಲು."

"ಎಲ್ಲೀತನಕ?"

ಬನವ್ವ ಹಾಸಿಗೆ ಸರಿಮಾಡುತ್ತ ಹೇಳಿದಳು: "ತಾನ ನಡದು ಹೊಸ್ತಲಾ ದಾಟೂತನಕ. ಆ ದಿನ ಹೋಳಿಗಿ ಮಾಡಿ ಕರೀ, ಉಂಡು ಕರ್ಕೊಂಡು ಹೋಗ್ತೀನಿ ಅಂದಾಳ."

ಆ ಓಣಿಯ ಪದ್ಧತಿ ಅದು. ಕೂಸು ಮೊದಲ ಸಲ ಹೊಸ್ತಿಲು ದಾಟಿದರೆ ಮನೆಯಲ್ಲಿ ಹೋಳಿಗೆ, ಓಣಿಗೆಲ್ಲ ಹಂಚಿಕೆ. ಮದುವೆಯಾಗಿ ಎಷ್ಟೋ ವರ್ಷ ಬನವ್ವ ಬೇರೆಯವರ ಮಕ್ಕಳು ಹೊಸ್ತಿಲು ದಾಟಿದ ಹೋಳಿಗೆಯನ್ನೇ ಉಂಡಿದ್ದಳು.

ಇನ್ನು ನನ್ನ ಸುಖದ ದಿನಗಳನ್ನು ಹೇಳುತ್ತೇನೆ ಕೇಳಿ. ಹೊನ್ನಪ್ಪ ಒಂದು ಉಪಾಯ ಮಾಡಿದ. ಮಗ್ಗದಲ್ಲಿ ಅವನು ಕಾಲಿನಿಂದ ತುಳಿಯುವ ಹಲಗೆಗೆ ಒಂದು ಹುರಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ನನಗೆ ಕಟ್ಟಿದ. ಅವನು ತುಳಿದಂತೆ ನಾನು ತೂಗುತ್ತಿದ್ದೆ. ಅತ್ತ ಸೀರೆ ಬೆಳೆಯುತ್ತಿತ್ತು, ಇತ್ತ ಕೂಸು. ತೊಂದರೆ ಒಂದೇ: ಮಗ್ಗ ನಿಂತರೆ ಈರಣ್ಣ ಎಚ್ಚರಾಗಿ ಕಿರುಚುತ್ತಿದ್ದ.

"ಲೇ, ಚಾ ಕುಡದು ಬರ್ಲೇನು?"

"ಅಲ್ಲೇ ಕುಡೀರಿ. ಕಾಲು ನಿಂದರಬಾರದು."

"ನಾ ನೇಕಾರ ಇದ್ದೀನೋ ಇವನ ಆಳ ಇದ್ದೀನೋ?"

"ಎರಡಕ್ಕೂ ಪಗಾರ ಅಷ್ಟಕ್ಕಷ್ಟ, ಸುಮ್ನ ತುಳೀರಿ!"

ಹೊನ್ನಪ್ಪ ಒಂದು ಕೈಯಲ್ಲಿ ಬಟ್ಟಲು ಹಿಡಿದು ಸುಮ್ಮನೆ ಹಲಗೆ ತುಳಿಯುತ್ತ ಕೂರುತ್ತಿದ್ದ. ಬನವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಈರಣ್ಣನ ಒದೆತ ನನ್ನ ಪಕ್ಕೆಗೆ ತಾಗುತ್ತಿತ್ತು, ಅವನು ಕೃಷ್ಣನ ಮುಖದ ಬಣ್ಣವನ್ನೆಲ್ಲ ನೆಕ್ಕಿ ತೆಗೆದ. ಒಂದು ದಿನ ಬನವ್ವನ ಬಳೆ ಹಿಡಿದು "ಅವ್ವಾ" ಅಂದ. ಅವಳು ಬಳೆ ಬಿಡಿಸಿಕೊಳ್ಳಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ಆದರೆ ಕೂಸು ಕೂಸಾಗಿಯೇ ಇರುತ್ತದೆಯೇ? ಈರಣ್ಣ ನನ್ನ ಅಂಚು ಹಿಡಿದು ಎದ್ದು ನಿಂತ. ನಾನು ಹಿಗ್ಗಿದೆ. ಬನವ್ವನ ಮುಖ ಮಾತ್ರ ಸಣ್ಣದಾಯಿತು. ಅವಳು ಬಾಗಿಲ ಕಡೆ ನೋಡಿದಳು, ಅವನನ್ನು ಮೆಲ್ಲಗೆ ಒತ್ತಿ ಕೂರಿಸಿದಳು. ಅವತ್ತಿನಿಂದ ಅವನು ಒಂದೋ ನನ್ನೊಳಗೆ, ಇಲ್ಲವೇ ಅವಳ ಸೊಂಟದ ಮೇಲೆ. ನೆಲ ಅವನಿಗೆ ಸಿಗಲೇ ಇಲ್ಲ.

ಪಾರಕ್ಕ ಬಿಡುತ್ತಾಳೆಯೇ? "ಏನವಾ, ಈರಣ್ಣ ಪಲ್ಲಕ್ಕಿ ದೇವರಾದನೇನ? ನೆಲಕ್ಕ ಇಳಿಯಂಗೇ ಇಲ್ಲ!"

"ನೆಲಾ ತಂಪೈತಿ ಅಕ್ಕಾ."

"ಬ್ಯಾಸಗ್ಯಾಗ?"

ಬನವ್ವ ಅವನನ್ನು ಸೊಂಟದ ಮೇಲೆ ಏರಿಸಿಕೊಂಡು ಒಲೆಯ ಕಡೆ ಹೋದಳು. ನಾನೂ ಏನು ಹೇಳಲಿ? ಅವನು ಇಳಿದರೆ ನನಗೂ ಕೆಲಸವಿಲ್ಲ. ಅವನ ಭಾರ ಹೆಚ್ಚಿದಷ್ಟೂ ನನಗೆ ಖುಷಿ.

ಕೊನೆಗೆ ನೀಲವ್ವ ಬಂದಳು. ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಕಳೆ ಇತ್ತು. ಅವಳಿಗಿಂತ ಮೊದಲು ಒಳಗೆ ಬಂದವನು ಅವಳ ಇನ್ನೊಬ್ಬ ಮಗ ಚಂದ್ರಣ್ಣ. ಬಂದವನೇ ಮಗ್ಗದ ಸುತ್ತ ಒಂದು ಸುತ್ತು ಓಡಿ ನನ್ನನ್ನು ಹಿಡಿದು ಅಲ್ಲಾಡಿಸಿದ. ನೀಲವ್ವ ಈರಣ್ಣನನ್ನು ಎತ್ತಿ ನೆಲಕ್ಕೆ ಬಿಟ್ಟಳು. ಅವನ ಕಾಲು ಮಡಚಿಕೊಂಡವು. ಮತ್ತೆ ನಿಲ್ಲಿಸಿದಳು, ಮತ್ತೆ ಮಡಚಿಕೊಂಡವು. ಅವಳಿ ಮಕ್ಕಳು, ಒಬ್ಬ ಓಡುತ್ತಿದ್ದಾನೆ, ಒಬ್ಬ ಬಟ್ಟೆಯಂತೆ ಕುಸಿಯುತ್ತಿದ್ದಾನೆ.

ಮಗ್ಗ ನಿಂತಿತು. ನೀಲವ್ವ ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಅಕ್ಕನ ಪಕ್ಕ ಬಂದು ಕೂತಳು.

"ಹೋಳಿಗಿ ಉಣ್ಣಾಕ ನಾ ಅವಸರ ಮಾಡಿಲ್ಲಕ್ಕಾ. ನನ್ನ ಮ್ಯಾಲ ಸಿಟ್ಟಿದ್ರ ನನ್ನ ಬಡಿ. ಅವನ ಕಾಲ ಮ್ಯಾಲ ಯಾಕ?"

ಬನವ್ವ ತಲೆ ಎತ್ತಲಿಲ್ಲ. "ಈಗ ಕರ್ಕೊಂಡು ಹೋಗು" ಅಂದಳು.

"ಒಲ್ಲೆ. ಮಾತಂದ್ರ ಮಾತು. ನೀನ ಕರೀಬೇಕು." ಹೊರಡುವಾಗ ಅಕ್ಕನ ಹೆಗಲ ಮೇಲೆ ಕೈಯಿಟ್ಟಳು. ಕಣ್ಣು ಮಾತ್ರ ಈರಣ್ಣನ ಮೇಲೆಯೇ ಇತ್ತು.

ಮರುದಿನ ಬೆಳಿಗ್ಗೆ ಬನವ್ವ ಎಣ್ಣೆ ಬಿಸಿ ಮಾಡಿದಳು. ಆ ಪುಟ್ಟ ಕಾಲುಗಳನ್ನು ತಿಕ್ಕಿದಳು, ತಿಕ್ಕುತ್ತ ಅತ್ತಳು, ಅಳುತ್ತ ಅವನ ಎರಡೂ ಕೈ ಹಿಡಿದು ನಿಲ್ಲಿಸಿದಳು. ದಿನಾ ಅದೇ. ಒಂದು ದಿನ ಈರಣ್ಣ ಮಗ್ಗದ ಕಂಬದಿಂದ ನನ್ನತನಕ ನಡೆದು ಬಂದ. ನನ್ನನ್ನು ಹಿಡಿದು ನಿಂತು ದಣಿವಾರಿಸಿಕೊಂಡು, ನನ್ನನ್ನು ಬಿಟ್ಟು, ಒಲೆಯತನಕ ಹೋದ. ಅವನು ಬೆನ್ನು ತಿರುಗಿಸಿ ಹೋಗುವುದನ್ನು ನಾನು ನೋಡಿದ್ದು ಆಗಲೇ ಮೊದಲು.

ಒಂದು ಮಧ್ಯಾಹ್ನ ಹೊನ್ನಪ್ಪ ಸೀರೆ ಕೊಡಲು ಪೇಟೆಗೆ ಹೋಗಿದ್ದ. ಓಣಿಯಲ್ಲಿ ಯಾರೂ ಇರಲಿಲ್ಲ. ಈರಣ್ಣ ಬಾಗಿಲ ಚೌಕಟ್ಟು ಹಿಡಿದ, ಒಂದು ಕಾಲು ಎತ್ತಿದ, ಇನ್ನೊಂದು ಎತ್ತಿದ, ಹೊರಗೆ ನಿಂತು ತಿರುಗಿ ನೋಡಿ ಚಪ್ಪಾಳೆ ತಟ್ಟಿದ. ನೋಡಿದ್ದು ಬನವ್ವ ಒಬ್ಬಳೇ. ಅವಳು ಸುಮ್ಮನಿದ್ದಿದ್ದರೆ? ಇನ್ನೊಂದು ತಿಂಗಳು, ಇನ್ನೊಂದು ಹಬ್ಬ ಅವನು ನಮ್ಮವನಾಗಿರುತ್ತಿದ್ದ.

ಅವಳು ಹೊರಗೆ ಹೋಗಿ ಅವನನ್ನು ಎತ್ತಿ ಮುದ್ದಾಡಿದಳು. ಒಳಗೆ ಬಂದು, ಡಬ್ಬಿ ಇಳಿಸಿ, ಕಡಲೆಬೇಳೆ ಬೇಯಲು ಇಟ್ಟಳು.

ಬೆಲ್ಲದ ವಾಸನೆಗೆ ಪಾರಕ್ಕ ಬಂದೇ ಬಂದಳು. "ಏನ ಬನವ್ವ, ಇವತ್ತು ಯಾವ ಹಬ್ಬ?"

"ನನ್ನ ಈರಣ್ಣ ಹೊಸ್ತಲಾ ದಾಟಿದ."

ಪಾರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದಲ್ಲಿ ಕೂತು ಹೋಳಿಗೆ ಲಟ್ಟಿಸತೊಡಗಿದಳು.

ಬನವ್ವ ಹೇಳಿಕಳಿಸಿದಳು. ನೀಲವ್ವ ಬಂದು ಉಂಡಳು, ಮಗನನ್ನು ಎತ್ತಿಕೊಂಡಳು. "ಬರೀ ತೊಟ್ಟಲಾ ಮನ್ಯಾಗ ಇಡಬಾರದು" ಅಂತ ಬನವ್ವ ನನ್ನನ್ನೂ ಅವನ ಜೊತೆ ಕಳಿಸಿದಳು. ಹೊನ್ನಪ್ಪ ಹುರಿ ಬಿಚ್ಚಲು ಕೂತ. ಗಂಟು ಬಿಗಿದುಹೋಗಿತ್ತು. ಬಹಳ ಹೊತ್ತು ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ.

ಅವನ ಜೊತೆ ಹೋಗುತ್ತಿದ್ದೇನೆ ಅಂತ ನಾನು ಬಸ್ಸಿನ ಮೇಲೆ ಹಿಗ್ಗಿದ್ದೆ. ಗುಳೇದಗುಡ್ಡದಲ್ಲಿ ಕೆಲವು ದಿನ ಈರಣ್ಣ "ಅವ್ವಾ" ಅಂತ ಅತ್ತು ನನ್ನೊಳಗೆ ಹತ್ತಲು ನೋಡಿದ. ಆಮೇಲೆ ಚಂದ್ರಣ್ಣನ ಜೊತೆ ಕೌದಿಯ ಮೇಲೆ ಮಲಗುವುದು ಕಲಿತ. ನನ್ನನ್ನು ಅಟ್ಟಕ್ಕೆ ಏರಿಸಿದರು. ಮೇಲಿನಿಂದ ಅವನ ತಲೆ ಕಾಣುತ್ತಿತ್ತು. ಅವನು ಮೇಲೆ ನೋಡುತ್ತಿರಲಿಲ್ಲ.

ಮರುವರ್ಷ ಪಂಚಮಿಗೆ ಬನವ್ವ ಬಂದಳು. "ದೊಡ್ಡವ್ವ ಬಂದ್ಲು!" ಅಂತ ಮಕ್ಕಳಿಬ್ಬರೂ ಕೂಗಿದರು. ದೊಡ್ಡವ್ವ ಅಂತ ಈರಣ್ಣನೇ ಜೋರಾಗಿ ಕೂಗಿದ. ಅವಳ ಕೈಯಿಂದ ಶೇಂಗಾದ ಉಂಡಿ ಕಿತ್ತುಕೊಂಡು ಓಡಿಹೋದ.

"ಸಣ್ಣಾಂವ ಅಕ್ಕಾ, ಮರತಾನ" ಅಂದಳು ನೀಲವ್ವ, ತಾನೇ ತಪ್ಪು ಮಾಡಿದವಳಂತೆ.

"ಹೆಂಗ ಓಡ್ತಾನ ನೋಡ" ಅಂದಳು ಬನವ್ವ. ಆಮೇಲೆ ತಲೆ ಎತ್ತಿ ಅಟ್ಟದ ಕಡೆ ನೋಡಿದಳು. ಆ ಮನೆಯಲ್ಲಿ ನನ್ನನ್ನು ನೋಡಿದವಳು ಅವಳೊಬ್ಬಳೇ.

"ತೊಟ್ಟಲಾ ತಗೊಂಡು ಹೋಗ್ತೀಯೇನಕ್ಕಾ?"

"ಬ್ಯಾಡ ತಂಗಿ. ಅದೂ ಅವನ್ನ ನೆನಸ್ಕೋತ ಜೋತು ಬೀಳತೈತಿ, ನಾನೂ ನೆನಸ್ಕೋತ ಕುಂದರತೀನಿ. ಒಂದ ಮನ್ಯಾಗ ಇಬ್ಬರು ಹಂಗ ಕುಂತ್ರ ನಮ್ಮ ಯಜಮಾನ್ರಿಗೆ ರೊಟ್ಟಿ ಬಡಿಯೋರು ಯಾರು?"

ಅಕ್ಕತಂಗಿಯರು ನಕ್ಕರು. ನಗುತ್ತ ನಗುತ್ತ ನೀಲವ್ವ ಅಕ್ಕನ ಮಡಿಲಲ್ಲಿ ಮುಖ ಮುಚ್ಚಿಕೊಂಡಳು.

ಆಮೇಲೆ ನೀಲವ್ವನ ಮನೆಯವರು ನನ್ನನ್ನು ಮಾರಿದರು. ಈಗ ನಾನು ಒಂದು ಶಾಮಿಯಾನದ ಅಂಗಡಿಯಲ್ಲಿದ್ದೇನೆ. ನಾಮಕರಣಕ್ಕೆ ನನ್ನನ್ನು ಬಾಡಿಗೆಗೆ ಒಯ್ಯುತ್ತಾರೆ, ಹೂವು ಸುತ್ತುತ್ತಾರೆ, ಫೋಟೋ ತೆಗೆಯುವಷ್ಟು ಹೊತ್ತು ಕೂಸನ್ನು ಮಲಗಿಸಿ ಎತ್ತಿಕೊಳ್ಳುತ್ತಾರೆ. ಒಂದೂ ನನ್ನೊಳಗೆ ನಿದ್ದೆ ಮಾಡಿಲ್ಲ. ಉಳಿದ ಹೊತ್ತು ಕುರ್ಚಿಗಳ ಹಿಂದೆ, ಗೋಡೆಗೆ ಒರಗಿಕೊಂಡಿರುತ್ತೇನೆ. ಬನವ್ವ ಹೇಳಿದಂತೆಯೇ ಆಯಿತು. ಅವಳು ಅಲ್ಲಿ, ನಾನು ಇಲ್ಲಿ. ಬೇರೆ ಬೇರೆ ಊರಲ್ಲಿ ಕೂತು ಒಬ್ಬನನ್ನೇ ನೆನೆಯುತ್ತೇವೆ.