ಒಡಪಿನೊಳಗಿನ ಹೆಸರು

ಶಿವಗಂಗವ್ವನ ಗಂಡ ಶಿವಪುತ್ರಪ್ಪ ಪುಣೆಯ ಒಂದು ವಾರಪತ್ರಿಕೆಗೆ ಸುದ್ದಿ ಬರೆಯುತ್ತಿದ್ದ. ಅದು ಯುದ್ಧದ ಕಾಲ. ಸರ್ಕಾರದವರು ಓದಿ, ಬೇಡವೆಂದದ್ದನ್ನು ತೆಗೆಸಿದ ಮೇಲೆಯೇ ಪತ್ರಿಕೆ ಅಚ್ಚಾಗಬೇಕು. ಆ ಚೈತ್ರದಲ್ಲಿ, ಕನ್ನಡದವರೇ ಹೆಚ್ಚಿದ್ದ ಅವರ ಪೇಟೆಯ ನೀರಿನ ತೊಟ್ಟಿ ಬತ್ತಿದ ವಾರವೇ ಪತ್ರಿಕೆಯ ಮೊದಲ ಪುಟದಲ್ಲಿ ಅಂಗೈಯಗಲ ಜಾಗ ಬರೀ ಬಿಳಿಯಾಗಿ ಬಂತು.

"ಇಲ್ಲೇನಿತ್ರಿ?" ಎಂದು ಅವಳು ಕೇಳಿದಳು.

"ಏನಿಲ್ಲ ಬಿಡು," ಎಂದು ಅವನು ಟೊಪ್ಪಿಗೆ ಹಾಕಿಕೊಂಡು ಹೊರಟುಬಿಟ್ಟ.

ಶುಕ್ರವಾರ, ಹಲವು ಸಂಸಾರಗಳಿದ್ದ ಅವರ ವಾಡೆಯ ಮಾಳಿಗೆಯ ಮೇಲೆ ಸುಲಭಾಳ ಮನೆಯಲ್ಲಿ ಚೈತ್ರಗೌರಿಯ ಅರಿಶಿನ-ಕುಂಕುಮ. ಸುಲಭಾ ಬೆಳಗಾವಿಯ ಮಗಳು, ಚೆಲುವೆ, ಮಾತಿನಲ್ಲಿ ಚುರುಕು. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳಬಾರದು, ಒಡಪು ಕಟ್ಟಿ ಅದರೊಳಗಿಟ್ಟು ಹೇಳಬೇಕು. ಎಲ್ಲರೂ ಒತ್ತಾಯ ಮಾಡಿದಾಗ ಅವಳು ರಾಗ ತೆಗೆದಳು:

"ದಂಡಿನ ಕುದುರಿಗೆ ಮೈ ತೊಳಿಯಾಕ ನೀರು,
ನಮ್ಮ ತೊಟ್ಟ್ಯಾಗ ನೋಡಿದ್ರ ತಳದಾಗ ಕೆಸರು,
ಕೇಳಾಕ ಹೋದ್ರ ಬಾಯಿಗೆ ಬೀಗ ಹಾಕ್ಯಾರು,
ಕೃಷ್ಣಾಜಿರಾಯರು ನಮ್ಮ ಮನಿ ಯಜಮಾನರು!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಸುಲಭಾ ಪಕ್ಕದಲ್ಲಿದ್ದ ಶಿವಗಂಗವ್ವನ ಕಿವಿಯಲ್ಲಿ, "ಬಿಳೀ ಜಾಗದಾಗ ಇದ್ದದ್ದು ಇದಽರಿ. ನಿಮ್ಮವರು ಚಹಾ ಕುಡಿಯಾಕ ಬಂದಾಗ ಹೇಳಿದ್ರು. ನಿಮಗ ಗೊತ್ತಽ ಇರಬೇಕಲ್ಲ?" ಎಂದಳು.

ಶಿವಗಂಗವ್ವ ಅವಳಿಂದ ಮುಖ ತಿರುಗಿಸಿದಳು. ನನಗೆ 'ಏನಿಲ್ಲ ಬಿಡು', ಇವಳಿಗೆ ಎಲ್ಲವೂ! ತನ್ನ ಸರದಿ ಬಂದಾಗ ಅವಳು ಸೆಟೆದು ಕುಳಿತು, "ದಂಡಿನ ಕುದುರಿಗೆ..." ಎಂದು ಶುರುಮಾಡಿದ್ದೇ ತಡ, ಸುಲಭಾ ಅವಳ ಬಾಯಿಗೆ ಒಂದು ಹಿಡಿ ಕೋಸಂಬರಿ ತುರುಕಿದಳು. "ಮೊದಲ ಪ್ರಸಾದ ತಿನ್ರಿ!" ಎದುರಿಗೆ ಕುಳಿತಿದ್ದ ಪೊಲೀಸ್ ಫೌಜದಾರನ ಹೆಂಡತಿಯೂ ನಕ್ಕಳು.

ಅವಮಾನದಿಂದ ಕುದಿಯುತ್ತಲೇ ಅವಳು ಕೆಳಗಿಳಿದು ಬಂದಳು. "ಸುದ್ದಿ ಹೇಳಾಕ ಆಕಿನಽ ಬೇಕಾದ್ಲೇನ್ರಿ? ನಾ ಮೂಕಿ ಇದ್ನೇನು?"

ಶಿವಪುತ್ರಪ್ಪ ಎಲ್ಲವನ್ನೂ ಕೇಳಿ ಬೆವರಿದ. "ಹುಚ್ಚಿ, ಒಡಪಿನ್ಯಾಗ ನೀ ಯಾರ ಹೆಸರು ಇಡಾಕಿದ್ದಿ?"

"ನಿಮ್ಮದಽ, ಮತ್ಯಾರದ್ರಿ?"

"ಫೌಜದಾರನ ಹೆಂಡ್ತಿ ಮುಂದ ಕುದುರಿ, ನೀರು, ಕಡೀಕ ನನ್ನ ಹೆಸರು! ನಾಳೆ ಜೇಲಿಗೆ ಬುತ್ತಿ ತರ್ತಿದ್ದಿ. ಕೃಷ್ಣಾಜಿದು ಬಳಿ ಅಂಗಡಿ, ಅವನ ಮ್ಯಾಲೆ ಯಾರಿಗೂ ಸಂಶೇ ಬರೂದಿಲ್ಲ."

ಸಿಟ್ಟು ಇಳಿಯಿತು, ಹೊಟ್ಟೆಯುರಿ ಇಳಿಯಲಿಲ್ಲ. ಮರುದಿನದಿಂದ, ನೀರು ಬಂದೀತೆಂದು ತೊಟ್ಟಿಯ ಬಳಿ ಸಾಲುಗಟ್ಟಿದ ಹೆಂಗಸರೆಲ್ಲ ಅದೇ ಒಡಪಿಗೆ ತಮ್ಮ ತಮ್ಮ ಗಂಡಂದಿರ ಹೆಸರಿಟ್ಟು ಹೇಳುತ್ತಿದ್ದರು. ಒಬ್ಬಳ ಬಾಯಲ್ಲಿ ಗೂಳಪ್ಪ, ಒಬ್ಬಳ ಬಾಯಲ್ಲಿ ಕಾಂತಪ್ಪ. ಬರೆದವನ ಹೆಸರು ಮಾತ್ರ ಎಲ್ಲೂ ಇಲ್ಲ.

"ಮುಂದಿನ ಸುದ್ದಿ ಮೊದಲ ನನಗ ಹೇಳಬೇಕು," ಎಂದು ಅವಳು ಗಂಡನಿಗೆ ತಾಕೀತು ಮಾಡಿದಳು. "ಒಡಪು ನಾ ಕಟ್ಟತೀನಿ. ಬೇಕಾದ್ರ ಆಕಿ ಹೇಳ್ಲಿ."

ಹಾಗೆಯೇ ಆಯಿತು. ಮುಂದಿನ ಬಿಳಿ ಜಾಗದ ಒಡಪನ್ನು ಸುಲಭಾ ತೊಟ್ಟಿಯ ಕಟ್ಟೆಯ ಮೇಲೆ ನಿಂತು ಹೇಳಿದಳು. "ಸುಲಭಾಬಾಯಿ, ಭಾಳ ಶ್ಯಾಣ್ಯಾಕಿ ನೀ!" ಎಂದು ಎಲ್ಲರೂ ಕೊಂಡಾಡಿದರು.

ಶಿವಗಂಗವ್ವನೂ ಹೌದೆಂದು ತಲೆಯಾಡಿಸಿದಳು. ನೀರು ಇನ್ನೂ ಬಂದಿರಲಿಲ್ಲ. ಬೂದಿ ಹಚ್ಚಿ ಆಗಲೇ ಥಳಥಳ ಹೊಳೆಯುತ್ತಿದ್ದ ಕೊಡವನ್ನು ಅವಳು ಮತ್ತೆ ತಿಕ್ಕಿದ್ದೇ ತಿಕ್ಕಿದ್ದು.