ಗಾಳಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು

ಮದರಾಸಿನ ವಡಪಳನಿಯ ಸ್ಟುಡಿಯೊಗಳಲ್ಲಿ ಮಳೆ ಬೇಕಾದರೆ ಅಂದಾನಿಯನ್ನು ಕರೆಯುತ್ತಿದ್ದರು. ಕನಕಪುರದ ಕಡೆಯವನು. ಇಪ್ಪತ್ತೆರಡು ವರ್ಷಗಳಿಂದ ಅವನ ಕೆಲಸವೇ ಮಳೆ ಸುರಿಸುವುದು, ಗಾಳಿ ಬೀಸುವುದು. ಟ್ಯಾಂಕರ್ ನೀರು, ತೂತು ಕೊರೆದ ಪೈಪು, ಆಳೆತ್ತರದ ಒಂದು ಫ್ಯಾನು, ಇಷ್ಟಿದ್ದರೆ ಮೇ ತಿಂಗಳ ಉರಿಬಿಸಿಲಿನಲ್ಲೂ ನಾಯಕಿಯನ್ನು ಗಡಗಡ ನಡುಗಿಸುತ್ತಿದ್ದ.

ಈ ಸಲ ಬಂದದ್ದು ಹೊರದೇಶದ ತಂಡ. ಹೆನ್ರಿಕ್ ಎಂಬ ನಿರ್ದೇಶಕ ಯಾವುದೋ ದ್ವೀಪಕ್ಕೆ ಹರಿಕೇನ್ ಬಡಿಯುವ ಕಥೆಯನ್ನು ವೆಬ್ ಸರಣಿ ಮಾಡುತ್ತಿದ್ದ. ಮೊದಲ ದಿನದ ತಾಲೀಮಿನಲ್ಲಿ ಅವನು "ಗಸ್ಟ್" ಎಂದ. ಅಂದಾನಿಗೆ ಅದು "ಫಾಸ್ಟ್" ಎಂದು ಕೇಳಿಸಿತು. ಫ್ಯಾನಿನ ಹಿಡಿಯನ್ನು ಕೊನೆಯವರೆಗೂ ತಿರುಗಿಸಿಬಿಟ್ಟ. ನಾಯಕಿಯ ವಿಗ್ಗು ಹಾರಿ ನೀರಿನ ತೊಟ್ಟಿಗೆ ಬಿತ್ತು. ಎಲ್ಲರೂ ನಕ್ಕರು, ನಾಯಕಿಯೂ ನಕ್ಕಳು. ಅಂದಾನಿ ಮಾತ್ರ ಫ್ಯಾನಿನ ಹಿಂದೆ ಮುಖ ಮರೆಸಿಕೊಂಡು ನಿಂತ.

ಇಂಗ್ಲಿಷನ್ನು ತಿಳಿಸಿ ಹೇಳುವ ಕೆಲಸ ಸಹಾಯಕ ನಿರ್ದೇಶಕ ಕೌಶಿಕನದು. ಅವನು ಸಂಜೆ ಬಂದು, "ಅಣ್ಣಾ, ನಮ್ಮತ್ತೆ ರಂಜನಿ ಸ್ಕೂಲಲ್ಲಿ ಇಂಗ್ಲಿಷ್ ಟೀಚರ್ ಆಗಿದ್ರು. ಕೋಯಿಲ್ ಗೋಪುರದ ಹಿಂದಿನ ಬೀದೀಲೇ ಮನೆ. ಶೂಟಿಂಗ್‌ಗೆ ಇನ್ನೂ ಹತ್ತು ದಿನ ಇರುಕ್ಕು, ಹೋಗಿ ಬನ್ನಿ," ಎಂದ.

ರಂಜನಿಯವರದು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮಾಧ್ವ ಕುಟುಂಬ. ಮೊದಲ ದಿನ ಅವರು ಎಂಟನೇ ಕ್ಲಾಸಿನ ಪುಸ್ತಕದಿಂದ ಪ್ರಕೃತಿ ವಿಕೋಪದ ಪಾಠ ತೆರೆದರು. ಅಂದಾನಿ ಅದನ್ನು ಕಂಗೆಟ್ಟು ನೋಡಿದ್ದು ಕಂಡು ಮುಚ್ಚಿಟ್ಟು, ಮೂಲೆಯ ಟೇಬಲ್ ಫ್ಯಾನನ್ನು ಮುಂದಕ್ಕೆಳೆದರು.

"ಒಂದನೇ ನಂಬರ್ ಬ್ರೀಝ್. ಹಾಯಾಗಿರತ್ತೆ. ಪಟ್ಟಂತ ಜೋರು ಮಾಡಿ ಆಫ್ ಮಾಡಿದ್ರೆ ಗಸ್ಟ್. ಮೂರಕ್ಕಿಟ್ಟು ಬಿಡದೆ ಓಡಿಸಿದ್ರೆ ಗೇಲ್. ಪುರಿಂಜುದಾ?"

ಅಂದಾನಿ ಸ್ವಲ್ಪ ಯೋಚಿಸಿದ. "ತಿಳೀತು ಮೇಡಂ. ಗಸ್ಟ್ ಅಂದ್ರೆ ಮನೆಗ್ ಬರೋ ಗೆಸ್ಟ್ ಇದ್ದಂಗೆ. ಬತ್ತಾನೆ, ಓಯ್ತಾನೆ. ಗೇಲ್ ಅಂದ್ರೆ ಮನೆಯಳಿಯ. ಬಂದ್ಮೇಲೆ ಓಗಕಿಲ್ಲ."

ಮೂವತ್ತು ವರ್ಷ ಪಾಠ ಹೇಳಿದ್ದ ರಂಜನಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಲ್ಯಾಂಡ್‌ಫಾಲ್ ಎಂದಾಗ ಅವನು, "ಭೂಮಿ ಕುಸಿಯಾದಾ?" ಎಂದು ಕೇಳಿದ.

"ಅದು ಲ್ಯಾಂಡ್‌ಸ್ಲೈಡ್. ಚಂಡಮಾರುತ ಸಮುದ್ರ ಬಿಟ್ಟು ದಡ ಹತ್ತತ್ತಲ್ಲ, ಅದು ಲ್ಯಾಂಡ್‌ಫಾಲ್."

"ಮತ್ತೆ ಹರಿಕೇನು?"

"ನಮ್ಮ ಸೈಕ್ಲೋನೇ. ಅಮೆರಿಕದ ಕಡೆ ಬಂದ್ರೆ ಹರಿಕೇನ್, ಜಪಾನ್ ಕಡೆ ಟೈಫೂನ್."

"ಒಂದೇ ಗಾಳೀಗೆ ಊರೂರಲ್ಲಿ ಒಂದೊಂದು ಹೆಸರು ಇಕ್ಕವ್ರೆ," ಎಂದ ಅಂದಾನಿ, ತನಗೇ ಹೇಳಿಕೊಂಡಂತೆ. ಮರುದಿನ ಫ್ಯಾನಿನ ಹಿಡಿಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಬ್ರೀಝ್, ಗಸ್ಟ್, ಗೇಲ್ ಎಂದು ಕನ್ನಡದಲ್ಲಿ ಬರೆದುಕೊಂಡ.

ಅವನಿಗೆ ಒಲಿಯದಿದ್ದದ್ದು ಇವ್ಯಾಕ್ಯುಯೇಟ್. ಜಾಗ ಖಾಲಿ ಮಾಡು ಎಂಬಷ್ಟಕ್ಕೆ ಅಷ್ಟುದ್ದದ ಪದ ಯಾಕೆಂದೇ ಅವನಿಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದ. ಒಂಬತ್ತನೇ ಕ್ಲಾಸಿನ ಮಗಳು ಮಾನ್ಯಾ, "ಅಪ್ಪಾ, ತಪ್ಪು. ತಿರುಂಬ ಸೊಲ್ಲುಂಗೋ," ಎಂದು ಮತ್ತೆ ಮತ್ತೆ ಹೇಳಿಸಿದಳು.

ಶೂಟಿಂಗಿನ ದಿನ ಬಂತು. ಆಂಧ್ರದ ಕಡೆ ಹೋಗುತ್ತದೆಂದು ಹವಾಮಾನದವರು ಹೇಳಿದ್ದ ನಿಜದ ಚಂಡಮಾರುತವೊಂದು ಬೆಳಗಿನ ಜಾವ ಮದರಾಸಿನತ್ತ ದಾರಿ ಬದಲಿಸಿತ್ತು; ಸ್ಟುಡಿಯೊದಲ್ಲಿ ಅದಿನ್ನೂ ಯಾರಿಗೂ ತಿಳಿದಿರಲಿಲ್ಲ. ಬರುವ ದಾರಿಯಲ್ಲಿ, ಮಾಧವರಂನಲ್ಲಿ ರಸ್ತೆಗೆ ನೀರು ನುಗ್ಗಿ ಕೌಶಿಕ್ ಅಲ್ಲೇ ಸಿಕ್ಕಿಕೊಂಡಿದ್ದ. ಹೆನ್ರಿಕ್‌ಗೆ ಮಾತ್ರ ಕಪ್ಪು ಮೋಡ ಕಂಡು ಖುಷಿ. ಸ್ಟುಡಿಯೊದ ಬಯಲಿನಲ್ಲಿ ಪ್ಲೈವುಡ್ಡಿನ ಹತ್ತು ಮನೆಗಳ ಬೀದಿ ಎಬ್ಬಿಸಿ, ಹಿಂದಿನಿಂದ ಬಿದಿರಿನ ಗಳು ಕೊಟ್ಟು ನಿಲ್ಲಿಸಿದ್ದರು. ಕ್ಯಾಮೆರಾ ಮುಂದೆ ಇಪ್ಪತ್ತು ಜನ.

ಹನ್ನೊಂದು ಗಂಟೆಗೆ ಹೆನ್ರಿಕ್ "ಗೇಲ್" ಎಂದ. ಅಂದಾನಿ ಹಿಡಿ ತಿರುಗಿಸಿದ. ಬೀದಿಯೆಲ್ಲ ಅಲ್ಲಾಡಿತು. ಹೆನ್ರಿಕ್ ಪರದೆ ನೋಡುತ್ತಲೇ ಹೆಬ್ಬೆರಳೆತ್ತಿದ.

ಆಗ ಅಂದಾನಿಯ ಕತ್ತಿನ ಹಿಂಭಾಗಕ್ಕೆ ತಣ್ಣನೆಯ ಗಾಳಿ ಹೊಡೆಯಿತು. ಅವನ ಫ್ಯಾನು ಬೀಸುತ್ತಿದ್ದದ್ದು ಮುಂದಕ್ಕೆ. ಬೆನ್ನ ಹಿಂದಿನಿಂದ ಗಾಳಿ ಬರಬಾರದಿತ್ತು. ಅವನು ಫ್ಯಾನು ಆರಿಸಿದ. ರೆಕ್ಕೆಗಳು ನಿಧಾನವಾಗಿ ನಿಂತವು. ಗಾಳಿ ನಿಲ್ಲಲಿಲ್ಲ. ಗಳುಗಳಿಗೆ ಕಟ್ಟಿದ ಹಗ್ಗ ಕೀಂಗುಡುತ್ತಿತ್ತು.

ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವನು ಓಡುತ್ತಿರುವ ಕ್ಯಾಮೆರಾದ ಮುಂದೆ ಕಾಲಿಟ್ಟಿರಲಿಲ್ಲ. ಈಗ ನಡೆದೇ ಹೋದ. ಹೆನ್ರಿಕ್ ಸಿಟ್ಟಿನಿಂದ ಎದ್ದು ನಿಂತ.

"ಸಾರ್, ಫ್ಯಾನ್ ಆಫ್," ಎಂದ ಅಂದಾನಿ. "ದಿಸ್ ಗೇಲ್ ನಾಟ್ ಮೈ ಗೇಲ್. ಲ್ಯಾಂಡ್‌ಫಾಲ್ ಟುಡೇ. ಇವ್ಯಾಕ್ಯುಯೇಟ್, ಸಾರ್."

ಹೆನ್ರಿಕ್ ತಿರುಗಿ ನೋಡಿದ. ನಿಂತ ರೆಕ್ಕೆಗಳು ಕಂಡವು. ಅದೇ ಪದವನ್ನು ಮೈಕಿನಲ್ಲಿ ಕೂಗಿದ.

ಎಲ್ಲರೂ ಕಾಂಕ್ರೀಟಿನ ಡಬ್ಬಿಂಗ್ ಹಾಲಿಗೆ ಓಡಿದರು. ಅಂದಾನಿ ತಲೆ ಎಣಿಸಿ ಬಾಗಿಲು ಹಾಕಿದ. ಹತ್ತು ನಿಮಿಷ ಕಳೆದಿರಲಿಲ್ಲ, ಕಿಟಕಿಯಾಚೆ ಪ್ಲೈವುಡ್ ಮನೆಗಳು ಒಂದರ ಮೇಲೊಂದು ಮಗುಚಿದವು. ಕೊನೆಯದು ಅವನ ಫ್ಯಾನಿನ ಮೇಲೆಯೇ ಬಿತ್ತು. ಅಂದಾನಿ ಲೊಚಗುಟ್ಟಿದ. ಯಾರಿಗೂ ಏನೂ ಆಗಿರಲಿಲ್ಲ.

ಹೆನ್ರಿಕ್ ಎರಡು ಲೋಟ ಟೀ ತಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತ. ಹೇಗೆ ಗೊತ್ತಾಯಿತು ಎಂದು ಕೇಳಿದ. ಅದಕ್ಕೆ ಅಂದಾನಿಯ ಬಳಿ ಇಂಗ್ಲಿಷ್ ಇರಲಿಲ್ಲ. ತನ್ನ ಕತ್ತಿನ ಹಿಂದೆ ಕೈಯಿಟ್ಟು, ಬಾಯಲ್ಲಿ ಉಫ್ ಎಂದು ಊದಿ ತೋರಿಸಿದ. ಹೆನ್ರಿಕ್ ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು. ರಂಜನಿಯವರ ನೆಲಮಹಡಿಯಲ್ಲಿ ಮೊಣಕಾಲುದ್ದ ನೀರಿದೆ ಎಂದು ಕೌಶಿಕ್ ಫೋನ್ ಮಾಡಿದ. ಅಂದಾನಿ ಸ್ಟುಡಿಯೊದ ಪಂಪು, ಉದ್ದನೆಯ ಪೈಪು ಹೇರಿಕೊಂಡು ಹೋದ. ಸೀರೆ ಎತ್ತಿಕಟ್ಟಿ ತಪ್ಪಲೆಯಿಂದ ನೀರು ಎತ್ತಿಹಾಕುತ್ತಿದ್ದ ರಂಜನಿ ಅವನನ್ನು ಕಂಡು ನಿಂತರು.

"ನೀವು ಮೇಲ್ ಕುಂತ್ಕಳಿ ಮೇಡಂ. ಸುರಿಯಾದಷ್ಟೇ ಅಲ್ಲ, ಹೀರಾದೂ ನಂಗೊತ್ತು."

"ನಿಮ್ಮ ಫ್ಯಾನ್ ಮುರಿದೋಯ್ತಂತೆ, ಪಾವಂ."

"ರಿಪೇರಿಗೆ ಕೊಟ್ಟಿವ್ನಿ. ಅದೂ ಒಂದಷ್ಟು ದಿನ ಕುಂತ್ಕಂಡಿರ್ಲಿ ಬುಡಿ."

ಮಧ್ಯಾಹ್ನದ ಹೊತ್ತಿಗೆ ನೆಲದ ಕೆಂಪು ಹಾಸು ಕಾಣಿಸಿತು. ರಂಜನಿ ಮಹಡಿಯ ಮೇಲೆ ಕಾಫಿ ಮಾಡಿ ತಂದರು. ಇಬ್ಬರೂ ಮೆಟ್ಟಿಲ ಮೇಲೆ ಕೂತು, ಪಂಪಿನ ಸದ್ದು ಕೇಳುತ್ತ ಕುಡಿದರು.